ಹೆಪ್ಪು ಎತ್ತಿಟ್ಟ ಹಾಗೆ ಹಾಲಿನ ಲೆಕ್ಕವನ್ನೂ ಎತ್ತಿಡೋಣ

ಸಂಘದ ಕಂಪ್ಯೂಟರಿನ ಬ್ಯಾಕಪ್ ಬಗ್ಗೆ ಪ್ರತಿಯೊಬ್ಬ ಸದಸ್ಯೆ ತಿಳಿದಿರಬೇಕಾದ ವಿಷಯ



ರಾತ್ರಿ ಕಾಯಿಸಿದ ಹಾಲು ಉಗುರು ಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಬೆರೆಸಿ ಹೆಪ್ಪು ಹಾಕುತ್ತೀರಿ. ಆ ಒಂದು ಚಮಚ ಎಲ್ಲಿಂದ ಬಂತು? ಹಿಂದಿನ ದಿನದ ಮೊಸರಿನಲ್ಲಿ ನೆನಪಿಟ್ಟು ಎತ್ತಿಟ್ಟಿದ್ದು. ಮನೆಯಲ್ಲಿ ಎಷ್ಟೇ ಜನ ಊಟಕ್ಕೆ ಕುಳಿತರೂ ಗಡಿಗೆಯ ತಳದ ಆ ಚಮಚವನ್ನು ಯಾರಿಗೂ ಬಡಿಸುವುದಿಲ್ಲ. ಒಂದು ದಿನ ಮರೆತು ಖಾಲಿ ಮಾಡಿದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೀರಿ. ಪಕ್ಕದ ಮನೆಯ ಆ ಹೆಪ್ಪು ಹಿಂದೊಂದು ದಿನ ನಿಮ್ಮ ಮನೆಯಿಂದಲೇ ಹೋಗಿದ್ದೂ ಇರಬಹುದು.

ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಕಂಪ್ಯೂಟರಿನಲ್ಲಿರುವ ಲೆಕ್ಕಕ್ಕೂ ಹೀಗೆ ಹೆಪ್ಪು ಎತ್ತಿಡಬೇಕಾಗುತ್ತದೆ. ಅದಕ್ಕೆ ಬ್ಯಾಕಪ್ ಎನ್ನುತ್ತಾರೆ. "ಅದು ಕಾರ್ಯದರ್ಶಿ ಕೆಲಸ, ನಮಗೇಕೆ?" ಎಂದು ನಿಮಗೆ ಅನಿಸಬಹುದು. ಕೆಲಸ ಅವರದೇ, ನಿಜ. ಆದರೆ ಆ ಲೆಕ್ಕದ ಒಳಗಿರುವ ಹಣ ನಿಮ್ಮದು. ಆದ್ದರಿಂದ ಬ್ಯಾಕಪ್ ಎಂದರೇನು, ಅದು ಸರಿಯಾಗಿ ಆಗುತ್ತಿದೆಯೇ ಎಂದು ಕೇಳುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಯೋಣ.

ಕಂಪ್ಯೂಟರಿನ ಒಳಗೆ ಏನಿದೆ?

ಬೆಳಿಗ್ಗೆ ನೀವು ಕ್ಯಾನು ಹಿಡಿದು ಸಂಘಕ್ಕೆ ಬರುತ್ತೀರಿ. ನಿಮ್ಮ ಸದಸ್ಯತ್ವದ ನಂಬರ್ ಒತ್ತುತ್ತಾರೆ. ತೂಕದ ಯಂತ್ರ ಎಷ್ಟು ಹಾಲು ಎಂದು ಹೇಳುತ್ತದೆ, ಪರೀಕ್ಷೆಯ ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಹೇಳುತ್ತದೆ. ದರ ತಾನಾಗಿ ಬಂದು ಕೂರುತ್ತದೆ, ಚೀಟಿ ಹೊರಬರುತ್ತದೆ.

ಈ ಎಲ್ಲ ಮಾಹಿತಿ ಕಂಪ್ಯೂಟರಿನಲ್ಲಿ ಒಂದೇ ಪುಸ್ತಕದಲ್ಲಿ ಬರೆದ ಹಾಗೆ ಇರುವುದಿಲ್ಲ. ಬೇರೆ ಬೇರೆ ಪಟ್ಟಿಗಳಲ್ಲಿ ಇರುತ್ತದೆ. ಒಂದು ಪಟ್ಟಿಯಲ್ಲಿ ಸದಸ್ಯರ ನಂಬರ್, ಹೆಸರು, ಬ್ಯಾಂಕ್ ಖಾತೆ. ಇನ್ನೊಂದರಲ್ಲಿ ಯಾವ ದಿನ, ಯಾವ ಹೊತ್ತು, ಯಾವ ನಂಬರಿನವರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಎಂಬುದು. ಮೂರನೆಯದರಲ್ಲಿ ದರ. ನಾಲ್ಕನೆಯದರಲ್ಲಿ ಬಟವಾಡೆ, ಅಂದರೆ ಯಾರಿಗೆ ಎಷ್ಟು ಹಣ ಕೊಟ್ಟಾಯಿತು, ಪಶು ಆಹಾರದ ಬಾಕಿ ಎಷ್ಟು ಮುರಿದುಕೊಂಡಾಯಿತು ಎಂಬ ಲೆಕ್ಕ. ಈ ಪಟ್ಟಿಗಳನ್ನೆಲ್ಲ ಒಂದಕ್ಕೊಂದು ಕಟ್ಟಿರುವ ದಾರ ನಿಮ್ಮ ಸದಸ್ಯತ್ವದ ನಂಬರ್. ಹೀಗೆ ಒಂದಕ್ಕೊಂದು ಸಂಬಂಧ ಇರುವ ಪಟ್ಟಿಗಳ ಗಂಟಿಗೆ ಡೇಟಾಬೇಸ್ ಎನ್ನುತ್ತಾರೆ. ಆ ಗಂಟನ್ನು ಕಾಯ್ದುಕೊಂಡು, ಕೇಳಿದಾಗ ಬೇಕಾದ ಲೆಕ್ಕ ತೆಗೆದುಕೊಡುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಕೆಲವು ಸಂಘಗಳಲ್ಲಿ ಅದು ಸಂಘದ ಮೇಜಿನ ಮೇಲಿರುವ ಕಂಪ್ಯೂಟರೇ ಆಗಿರುತ್ತದೆ. ಇನ್ನು ಕೆಲವು ಕಡೆ ಮಾಹಿತಿ ಇಂಟರ್ನೆಟ್ ಮೂಲಕ ದೂರದ ಸರ್ವರಿಗೆ ಹೋಗುತ್ತದೆ.

ಇದನ್ನು ತಿಳಿದುಕೊಳ್ಳಬೇಕಾದ ಕಾರಣ ಇಷ್ಟೇ: ಗಂಟಿನಲ್ಲಿ ಒಂದು ಪಟ್ಟಿ ಮಾತ್ರ ಉಳಿದರೆ ಲೆಕ್ಕ ಉಳಿದ ಹಾಗಲ್ಲ. ಹಾಲಿನ ಪಟ್ಟಿ ಇದ್ದು ಸದಸ್ಯರ ಪಟ್ಟಿ ಹೋದರೆ, 47ನೇ ನಂಬರಿನವರು 4 ಲೀಟರ್ ಹಾಕಿದ್ದಾರೆ ಎಂದು ಗೊತ್ತಾಗುತ್ತದೆ, ಆ 47 ಯಾರು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಬ್ಯಾಕಪ್ ಎಂದರೆ ಇಡೀ ಗಂಟಿನ ನಕಲು. ಬಿಲ್ಲಿನ ಒಂದು ಪ್ರಿಂಟ್ ತೆಗೆದಿಟ್ಟರೆ ಅದು ದಾಖಲೆ ಆಗುತ್ತದೆ, ಬ್ಯಾಕಪ್ ಆಗುವುದಿಲ್ಲ.

ಲೆಕ್ಕ ಹೋದರೆ ಏನು ಹೋಗುತ್ತದೆ?

ಮೊದಲು ಹೋಗುವುದು ಆ ಬಾರಿಯ ಬಿಲ್ಲು. ಅದರ ಹಿಂದೆಯೇ ಸರ್ಕಾರದ ಪ್ರೋತ್ಸಾಹಧನ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನ 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಅದು ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ. ಯಾರು ಎಷ್ಟು ಲೀಟರ್ ಹಾಕಿದರು ಎಂಬ ಸಂಘದ ಲೆಕ್ಕವೇ ಅದಕ್ಕೆ ಆಧಾರ. ವರ್ಷದ ಕೊನೆಯ ಬೋನಸ್, ಎಮ್ಮೆ ಕೊಳ್ಳಲು ಬ್ಯಾಂಕಿನಲ್ಲಿ ಸಾಲ ಕೇಳುವಾಗ ತೋರಿಸುವ ಹಾಲಿನ ಆದಾಯ, ಸಂಘದ ಚುನಾವಣೆಯಲ್ಲಿ ಮತ ಹಾಕಲು ಬೈಲಾ ಹೇಳುವಷ್ಟು ಹಾಲು ಹಾಕಿದ್ದೀರಿ ಎಂಬ ಪುರಾವೆ, ಎಲ್ಲಕ್ಕೂ ಬೇರು ಅದೇ ಲೆಕ್ಕ.

ಮನೆಯ ಜಮೀನು ಗಂಡನ ಹೆಸರಿನಲ್ಲಿ, ಮಾವನ ಹೆಸರಿನಲ್ಲಿ ಇರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮದೇ ಹೆಸರಿನಲ್ಲಿರುವ ದುಡಿಮೆಯ ದಾಖಲೆ ಎಂದರೆ ಹಾಲಿನ ಲೆಕ್ಕ ಒಂದೇ. ಅದು ಅಳಿಸಿದರೆ ಹಣಕ್ಕಿಂತ ದೊಡ್ಡದೇ ಒಂದು ಅಳಿಸಿದ ಹಾಗೆ.

ಕೆಡುವುದು ಹೇಗೆ?

ಕಂಪ್ಯೂಟರಿನ ಒಳಗೆ ಮಾಹಿತಿ ಕೂರುವ ಭಾಗಕ್ಕೆ ಹಾರ್ಡ್ ಡಿಸ್ಕ್ ಎನ್ನುತ್ತಾರೆ. ಬೇರೆ ಯಂತ್ರಗಳಂತೆ ಅದಕ್ಕೂ ಆಯಸ್ಸು ಇದೆ. ನಮ್ಮ ಬಳ್ಳಾರಿ ಸೀಮೆಯ ಬಿಸಿಲು ಮತ್ತು ಧೂಳು ಆ ಆಯಸ್ಸನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧ ಬರೆದ ಲೆಕ್ಕ ಕೆಡಬಹುದು. ಸಂಘದಲ್ಲಿ ಯುಪಿಎಸ್ ಇರಬೇಕು ಎನ್ನುವುದು ಇದಕ್ಕೇ.

ಎರಡನೆಯದು ಕೈತಪ್ಪು. ಹಳೆಯ ತಿಂಗಳಿನದು ಎಂದುಕೊಂಡು ಈ ತಿಂಗಳಿನದನ್ನು ಅಳಿಸುವುದು ಅನುಭವ ಇದ್ದವರಿಂದಲೂ ಆಗುತ್ತದೆ.

ಮೂರನೆಯದು ವೈರಸ್. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹರಡಿತು. ಒಳಗಿನ ಕಡತಗಳಿಗೆಲ್ಲ ಬೀಗ ಹಾಕಿ, ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂದು ಕೇಳುತ್ತಿತ್ತು. ಬ್ರಿಟನ್ನಿನ ದೊಡ್ಡ ಆಸ್ಪತ್ರೆಗಳೇ ಕೆಲಸ ನಿಲ್ಲಿಸಬೇಕಾಯಿತು. ಬೇರೆ ಕಡೆ ಒಳ್ಳೆಯ ಬ್ಯಾಕಪ್ ಇಟ್ಟುಕೊಂಡವರಿಗೆ ಹಣ ಕೊಡುವ ಅಗತ್ಯ ಇರಲಿಲ್ಲ.

ನಾಲ್ಕನೆಯದು ನೀರು. ಇದನ್ನು ಸಿರುಗುಪ್ಪ ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ತುಂಗಭದ್ರೆ, ಹಗರಿ ಎರಡೂ ತುಂಬಿ ಬಂದಾಗ ದಂಡೆಯ ಊರುಗಳ ಮನೆಗಳಿಗೆ ನೀರು ನುಗ್ಗಿದ್ದನ್ನು ಕಂಡವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ದಂಡೆಯವರು ಮತ್ತೆ ಎಚ್ಚರದಿಂದ ಕಾಯಬೇಕಾಯಿತು. ಅಂಥ ಹೊತ್ತಿನಲ್ಲಿ ಮಕ್ಕಳನ್ನು, ಎಮ್ಮೆಗಳನ್ನು ಎತ್ತರಕ್ಕೆ ಸಾಗಿಸುತ್ತೀರಿ. ಸಂಘದ ಕಂಪ್ಯೂಟರ್ ಯಾರ ನೆನಪಿಗೆ ಬರುತ್ತದೆ? ಬರಬೇಕಾಗಿಯೂ ಇಲ್ಲ, ಅದರ ನಕಲು ಬೇರೆ ಊರಿನಲ್ಲಿ ಭದ್ರವಾಗಿದ್ದರೆ.

ಎಷ್ಟು ದಿನಕ್ಕೊಮ್ಮೆ?

ಇದಕ್ಕೆ ಉತ್ತರ ಒಂದು ಪ್ರಶ್ನೆಯಲ್ಲಿದೆ: ಎಷ್ಟು ದಿನದ ಲೆಕ್ಕ ಹೋದರೆ ನಮ್ಮ ಸಂಘ ತಡೆದುಕೊಳ್ಳುತ್ತದೆ?

ಲೆಕ್ಕಕ್ಕೆಂದು ಒಂದು ಸಂಘ ಇಟ್ಟುಕೊಳ್ಳಿ. ಹಾಲು ಹಾಕುವವರು 120 ಜನ, ಒಬ್ಬೊಬ್ಬರು ದಿನಕ್ಕೆ ಎರಡು ಹೊತ್ತು ಸೇರಿ 6 ಲೀಟರ್. ಬ್ಯಾಕಪ್ ಹತ್ತು ದಿನಕ್ಕೊಮ್ಮೆ ತೆಗೆಯುತ್ತಾರೆ. ಒಂಬತ್ತನೇ ದಿನ ರಾತ್ರಿ ಡಿಸ್ಕ್ ಸುಟ್ಟಿತು. ಹೋಗಿದ್ದು 18 ಹೊತ್ತಿನ, 2,160 ಸಾಲಿನ ಲೆಕ್ಕ. ಹಾಲು 6,480 ಲೀಟರ್. ಲೀಟರಿಗೆ 5 ರೂಪಾಯಿಯಂತೆ ಪ್ರೋತ್ಸಾಹಧನವೇ 32,400 ರೂಪಾಯಿ, ಹಾಲಿನ ಬೆಲೆ ಬೇರೆ. ಅದೇ ಸಂಘದಲ್ಲಿ ಪ್ರತಿದಿನ ಸಂಜೆಯ ಹಾಲು ಮುಗಿದ ಮೇಲೆ ಬ್ಯಾಕಪ್ ತೆಗೆಯುತ್ತಿದ್ದರೆ ಹೆಚ್ಚೆಂದರೆ ಒಂದು ದಿನದ ಲೆಕ್ಕ ಹೋಗುತ್ತಿತ್ತು. ಅದನ್ನು ಚೀಟಿಗಳನ್ನು ಕೂಡಿಸಿ ಮತ್ತೆ ಬರೆಯಬಹುದು. 2,160 ಚೀಟಿಗಳನ್ನು ಕೂಡಿಸುವುದು ಆಗದ ಮಾತು.

ಆದ್ದರಿಂದ ಸಂಘದ ಮಟ್ಟದಲ್ಲಿ ನಿಯಮ ಸರಳ. ದಿನಕ್ಕೊಮ್ಮೆ, ಸಂಜೆಯ ಸರದಿ ಮುಗಿದ ಕೂಡಲೇ, ಇಡೀ ಗಂಟಿನ ಬ್ಯಾಕಪ್. "ದಿನಾ ತೆಗೆದರೆ ಜಾಗ ಸಾಲುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಲಿನ ಸಂಘದ ಇಡೀ ವರ್ಷದ ಲೆಕ್ಕ 87,600 ಸಾಲು ಅಷ್ಟೇ. ಅದು ಪೆನ್‌ಡ್ರೈವಿನ ಒಂದು ಮೂಲೆಯಲ್ಲಿ ಕೂರುತ್ತದೆ.

ನೂರಾರು ಸಂಘಗಳ ಲೆಕ್ಕ ಬಂದು ಸೇರುವ ದೊಡ್ಡ ಸರ್ವರುಗಳ ರೀತಿ ಬೇರೆ. ಅಲ್ಲಿ ಇಡೀ ಗಂಟನ್ನು ಪದೇ ಪದೇ ನಕಲು ಮಾಡುವುದು ಭಾರ. ಅದಕ್ಕೆ ವಾರಕ್ಕೋ ದಿನಕ್ಕೋ ಒಂದು ಪೂರ್ತಿ ಬ್ಯಾಕಪ್ ತೆಗೆದು, ಆಮೇಲೆ ಆದ ಬದಲಾವಣೆಗಳನ್ನು ಮಾತ್ರ ಆಗಾಗ ಎತ್ತಿಡುತ್ತಾರೆ. ಡೇಟಾಬೇಸ್ ತಾನು ಮಾಡಿದ ಪ್ರತಿ ಕೆಲಸವನ್ನೂ ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಪೂರ್ತಿ ಬ್ಯಾಕಪ್ಪನ್ನು ಇಟ್ಟು, ಅದರ ಮೇಲೆ ಲಾಗಿನಲ್ಲಿರುವುದನ್ನು ಒಂದೊಂದಾಗಿ ಮತ್ತೆ ಮಾಡಿಸುತ್ತಾ ಬಂದರೆ "ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಹೇಗಿತ್ತೋ ಹಾಗೆ" ಎಂದು ಬೇಕಾದ ಹೊತ್ತಿಗೆ ಲೆಕ್ಕವನ್ನು ತಂದು ನಿಲ್ಲಿಸಬಹುದು. 8.05ಕ್ಕೆ ಯಾರೋ ತಪ್ಪಿ ಅಳಿಸಿದ್ದರೆ ಆ ಐದು ನಿಮಿಷ ಹಿಂದೆ ಹೋದರಾಯಿತು.

ಒಂದು ಎಚ್ಚರ. ಯಂತ್ರ ಹಾಲಿನ ಲೆಕ್ಕ ಬರೆಯುತ್ತಿರುವಾಗ ಅದರ ಕಡತವನ್ನು ಎತ್ತಿ ಪೆನ್‌ಡ್ರೈವಿಗೆ ನಕಲು ಮಾಡಿದರೆ ಅರ್ಧ ಬರೆದ ಲೆಕ್ಕ ನಕಲಾಗುತ್ತದೆ, ಆಮೇಲೆ ಅದು ತೆರೆಯದೇ ಹೋಗಬಹುದು. ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕು, ಸರದಿ ಮುಗಿದ ಮೇಲೆಯೇ ಬಳಸಬೇಕು.

ಎಲ್ಲಿ ಇಡಬೇಕು?

ಮೂರು ಪ್ರತಿ, ಎರಡು ಬಗೆಯ ವಸ್ತುವಿನಲ್ಲಿ, ಒಂದಾದರೂ ಬೇರೆ ಜಾಗದಲ್ಲಿ. ಜಗತ್ತಿನಲ್ಲೆಲ್ಲ ಕಂಪ್ಯೂಟರಿನವರು ಪಾಲಿಸುವ ಸೂತ್ರ ಇದು. ನಮ್ಮ ಸಂಘಕ್ಕೆ ಹೊಂದಿಸಿದರೆ ಹೀಗೆ: ಒಂದು ಪ್ರತಿ ಕಂಪ್ಯೂಟರಿನಲ್ಲೇ ಇರುವ ಮೂಲ ಲೆಕ್ಕ. ಎರಡನೆಯದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಮೂರನೆಯದು ಸಂಘದ ಕಟ್ಟಡದಿಂದ ಹೊರಗೆ: ಇಂಟರ್ನೆಟ್ ಮೂಲಕ ದೂರದ ಸರ್ವರಿನಲ್ಲಿ, ಇಲ್ಲವೇ ಇನ್ನೊಂದು ಪೆನ್‌ಡ್ರೈವಿನಲ್ಲಿ ಬೇರೆ ಎತ್ತರದ ಜಾಗದಲ್ಲಿ. ಪಕ್ಕದ ಮನೆಯ ಹೆಪ್ಪು ಎಂದೆವಲ್ಲ, ಅದು ಇದು.

ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡಬಾರದು. ವೈರಸ್ ಬಂದರೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದೇ ಪೆನ್‌ಡ್ರೈವಿನಲ್ಲಿ ಮನೆಯವರ ಹಾಡು, ಸಿನಿಮಾ ತುಂಬಿಕೊಂಡು ಊರೆಲ್ಲ ತಿರುಗಿಸಲೂಬಾರದು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಕೆಲವು ಕಡೆ ಎರಡು ಡಿಸ್ಕ್ ಜೋಡಿಸಿ, ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯುವಂತೆ ಮಾಡಿರುತ್ತಾರೆ. ಒಂದು ಡಿಸ್ಕ್ ಸುಟ್ಟರೆ ಇನ್ನೊಂದು ಕೆಲಸ ಮಾಡುತ್ತದೆ, ಒಳ್ಳೆಯದೇ. ಆದರೆ ಅದು ಬ್ಯಾಕಪ್ ಅಲ್ಲ. ಕನ್ನಡಿಯ ಮುಂದೆ ನಿಂತು ಕುಂಕುಮ ಅಳಿಸಿದರೆ ಕನ್ನಡಿಯೊಳಗಿನ ಕುಂಕುಮವೂ ಅಳಿಸುತ್ತದೆ. ಹಾಗೆಯೇ ತಪ್ಪಿ ಅಳಿಸಿದ್ದು ಎರಡು ಡಿಸ್ಕಿನಲ್ಲೂ ಅಳಿಸಿಹೋಗುತ್ತದೆ.

ಹೆಪ್ಪು ಬದುಕಿದೆಯೇ?

ಎತ್ತಿಟ್ಟ ಹೆಪ್ಪು ಕೆಟ್ಟಿದೆಯೋ ಚೆನ್ನಾಗಿದೆಯೋ ಎಂದು ಬಟ್ಟಲು ನೋಡಿ ಹೇಳಲಾಗುವುದಿಲ್ಲ. ಬೆಳಿಗ್ಗೆ ಹಾಲು ಮೊಸರಾದಾಗಲೇ ಗೊತ್ತಾಗುವುದು. ಬ್ಯಾಕಪ್ಪಿನ ಗುಟ್ಟೂ ಇದೇ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ವಾಪಸ್ ತೆಗೆದು ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ.

ಇದನ್ನು ಕಷ್ಟಪಟ್ಟು ಕಲಿತವರ ಕಥೆ ಒಂದಿದೆ. ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಇಟ್ಟುಕೊಳ್ಳಲು ಬಳಸುವ ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿ ಇದೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್ ಬಹಳ ಹೊತ್ತು ದುಡಿದು ದಣಿದಿದ್ದರು. ಎರಡು ಸರ್ವರುಗಳಲ್ಲಿ ಉಪಯೋಗದಲ್ಲಿ ಇಲ್ಲದ್ದರ ಲೆಕ್ಕ ಅಳಿಸಲು ಹೋಗಿ, ಕೆಲಸ ಮಾಡುತ್ತಿದ್ದ ಮುಖ್ಯ ಸರ್ವರಿನದನ್ನೇ ಅಳಿಸಿಬಿಟ್ಟರು. ಒಂದೆರಡು ಕ್ಷಣದಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ.

"ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ" ಎಂದು ಹುಡುಕಿದರೆ, ದಿನಾ ತಾನಾಗಿ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಡೇಟಾಬೇಸ್ ಹೊಸದಾಗಿತ್ತು, ಬ್ಯಾಕಪ್ ತೆಗೆಯುವ ಸಾಧನ ಹಳೆಯದಾಗಿತ್ತು, ಎರಡಕ್ಕೂ ಹೊಂದಿಕೆ ಇರಲಿಲ್ಲ. "ಬ್ಯಾಕಪ್ ಆಗಲಿಲ್ಲ" ಎಂದು ಯಂತ್ರ ಕಳಿಸುತ್ತಿದ್ದ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಹೀಗೆ ಐದು ಬಗೆಯ ವ್ಯವಸ್ಥೆ ಇದ್ದರೂ ಒಂದೂ ನೆಚ್ಚುವಂತೆ ಇರಲಿಲ್ಲ. ಕೊನೆಗೆ, ಬೇರೆ ಕೆಲಸಕ್ಕೆಂದು 6 ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ನಕಲು ಅವರನ್ನು ಉಳಿಸಿತು. ಆ 6 ಗಂಟೆಯ ಲೆಕ್ಕ ಮಾತ್ರ ಹೋಯಿತು.

ಆ ಕಂಪನಿ ನಡೆದದ್ದನ್ನೆಲ್ಲ ಮುಚ್ಚಿಡದೆ ಜಗತ್ತಿಗೆ ಬರೆದು ತಿಳಿಸಿತು. ತಪ್ಪು ಮಾಡಿದವರನ್ನು ಬಲಿ ಕೊಡಲಿಲ್ಲ, ವ್ಯವಸ್ಥೆ ಎಲ್ಲಿ ಸೋತಿತು ಎಂದು ಹುಡುಕಿತು. ನಮ್ಮ ಸಂಘಗಳೂ ಇದನ್ನು ಗಮನಿಸಬೇಕು. ಲೆಕ್ಕ ಅಳಿಸಿದ ದಿನ ಕಾರ್ಯದರ್ಶಿಯನ್ನು ಬೈದರೆ ಮುಂದಿನ ಸಲ ಅವರು ತಪ್ಪನ್ನು ಮುಚ್ಚಿಡುತ್ತಾರೆ. ತಡವಾದಷ್ಟೂ ಲೆಕ್ಕ ಸಿಗುವುದು ಕಷ್ಟ.

ಪರೀಕ್ಷೆ ಮಾಡುವುದು ಹೀಗೆ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಬೇಕು. ಕೆಲಸ ಮಾಡುತ್ತಿರುವ ಕಂಪ್ಯೂಟರಿನಲ್ಲಿ ತೆರೆಯಬಾರದು, ಇಂದಿನ ಲೆಕ್ಕದ ಮೇಲೆ ಹಳೆಯದು ಕುಳಿತುಬಿಡುತ್ತದೆ. ತೆರೆದ ಮೇಲೆ ಮೂರು ಸದಸ್ಯೆಯರ ನಂಬರ್ ಆರಿಸಿ, ಅವರ ಕೈಯಲ್ಲಿರುವ ಚೀಟಿಯ ದಿನಾಂಕ, ಲೀಟರ್, ಫ್ಯಾಟ್, ಹಣ ಅಲ್ಲಿ ಹಾಗೆಯೇ ಇದೆಯೇ ಎಂದು ತಾಳೆ ನೋಡಬೇಕು. ಎಷ್ಟು ಹೊತ್ತು ಹಿಡಿಯಿತು ಎಂದೂ ಬರೆದಿಡಬೇಕು. ಎಮ್ಮೆ ಹಾಲು ಕೊಡುವುದಕ್ಕೆ ಕಂಪ್ಯೂಟರ್ ರಿಪೇರಿ ಆಗುವವರೆಗೆ ಕಾಯುವುದಿಲ್ಲ, ಬೆಳಗಾದರೆ ಕ್ಯಾನುಗಳು ಬಾಗಿಲಿಗೆ ಬರುತ್ತವೆ. ಅಲ್ಲಿಯವರೆಗೆ ಬರೆಯಲು ಒಂದು ಕೈಬರಹದ ರಿಜಿಸ್ಟರ್ ಯಾವಾಗಲೂ ಸಿದ್ಧವಾಗಿರಲಿ.

ಎಷ್ಟು ದಿನ ಇಡಬೇಕು, ಯಾರ ಕೈಯಲ್ಲಿರಬೇಕು?

ಇವತ್ತಿನ ಬ್ಯಾಕಪ್ಪಿನ ಮೇಲೆ ನಾಳೆಯದನ್ನು ಬರೆಯುತ್ತಾ ಹೋದರೆ ತೊಂದರೆ ಇದೆ. ಹತ್ತು ದಿನದ ಹಿಂದೆ ಆದ ತಪ್ಪು ಇವತ್ತು ಗೊತ್ತಾದರೆ, ನಿಮ್ಮ ಬ್ಯಾಕಪ್ಪಿನಲ್ಲೂ ಆ ತಪ್ಪೇ ಇರುತ್ತದೆ. ಆದ್ದರಿಂದ ಕೊನೆಯ ಹತ್ತು ದಿನದ ಬ್ಯಾಕಪ್ ಬೇರೆ ಬೇರೆ ಇರಲಿ. ಪ್ರತಿ ಬಟವಾಡೆಯದು ಒಂದು, ಪ್ರತಿ ತಿಂಗಳ ಕೊನೆಯದು ಒಂದು ಇರಲಿ. ಮಾರ್ಚ್ 31ರದು ಲೆಕ್ಕ ಪರಿಶೋಧನೆ ಮುಗಿದ ಮೇಲೂ ಭದ್ರವಾಗಿರಲಿ. ಪ್ರತಿಯೊಂದರ ಮೇಲೂ ದಿನಾಂಕ ಇರಲಿ.

ಆ ಗಂಟಿನಲ್ಲಿ ನಿಮ್ಮ ಬ್ಯಾಂಕ್ ಖಾತೆ, ಆಧಾರ್, ಫೋನ್ ನಂಬರ್ ಕೂಡ ಇರುತ್ತವೆ. ಸಿಕ್ಕವರು ತೆರೆಯದಂತೆ ಬ್ಯಾಕಪ್ಪಿಗೆ ಪಾಸ್‌ವರ್ಡ್ ಹಾಕಬೇಕು. ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಕಾರ್ಯದರ್ಶಿಯವರ ಜೊತೆಗೆ ಅಧ್ಯಕ್ಷೆಯವರ ಬಳಿ ಮುಚ್ಚಿದ ಲಕೋಟೆಯಲ್ಲಿ ಇರಲಿ. ಕಾರ್ಯದರ್ಶಿ ಬದಲಾದ ದಿನ ಬೀಗದ ಕೈ ಪಡೆಯುವ ಹಾಗೆ ಇದನ್ನೂ ಪಡೆಯಬೇಕು.

ನಿಮ್ಮ ಕೈಯಲ್ಲಿರುವ ಬ್ಯಾಕಪ್

ಸಂಘ ಏನೇ ಮಾಡಲಿ, ನಿಮ್ಮದೇ ಒಂದು ಪ್ರತಿ ಇರಲಿ. ಚೀಟಿಯನ್ನು ಅಲ್ಲೇ ಎಸೆದು ಬರಬೇಡಿ. ಆ ನುಣುಪು ಕಾಗದದ ಅಕ್ಷರ ಬಿಸಿಗೆ, ಬೆವರಿಗೆ ಬೇಗ ಮಾಸುತ್ತದೆ. ಆದ್ದರಿಂದ ಮನೆಗೆ ಬಂದು ಪಾಸ್‌ಬುಕ್ಕಿನಲ್ಲೋ ಮಗಳ ಹಳೆಯ ನೋಟ್‌ಬುಕ್ಕಿನಲ್ಲೋ ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಹಣ ಬರೆದಿಡಿ. ಓದು ಬರಹ ಬರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಮೊಬೈಲಿಗೆ ಬಂದ ಸಂದೇಶಗಳನ್ನು ಬಟವಾಡೆ ಆಗಿ ತಾಳೆ ನೋಡುವವರೆಗೆ ಅಳಿಸಬೇಡಿ.

ಮುಂದಿನ ಸಭೆಯಲ್ಲಿ ಈ ಆರು ಪ್ರಶ್ನೆ ಕೇಳಿ

1. ನಮ್ಮ ಸಂಘದ ಲೆಕ್ಕದ ಕೊನೆಯ ಬ್ಯಾಕಪ್ ಯಾವ ದಿನ ಆಯಿತು?
2. ಅದು ಇಡೀ ಲೆಕ್ಕದ್ದೋ, ಬರೀ ಬಿಲ್ಲಿನದೋ?
3. ಸಂಘದ ಕಟ್ಟಡದ ಹೊರಗೆ ಒಂದು ಪ್ರತಿ ಎಲ್ಲಿದೆ?
4. ಕೊನೆಯ ಸಲ ಅದನ್ನು ತೆರೆದು ತಾಳೆ ನೋಡಿದ್ದು ಯಾವಾಗ, ಯಾರ ಮುಂದೆ?
5. ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು?
6. ನಾಳೆ ಬೆಳಿಗ್ಗೆ ಯಂತ್ರ ನಿಂತರೆ ಲೆಕ್ಕ ಬರೆಯಲು ರಿಜಿಸ್ಟರ್ ಇದೆಯೇ?

ಲೆಕ್ಕ ದೂರದ ಸರ್ವರಿಗೆ ಹೋಗುವ ಸಂಘಗಳಲ್ಲಿ ಇದೇ ಪ್ರಶ್ನೆಗಳನ್ನು ತಂತ್ರಾಂಶ ಕೊಟ್ಟವರಿಗೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವಂತೆ ಆಡಳಿತ ಮಂಡಳಿಗೆ ಹೇಳಿ. ನಾಲ್ಕನೇ ಪ್ರಶ್ನೆಗೆ ಉತ್ತರ ಬರದಿದ್ದರೆ ಉಳಿದ ಉತ್ತರಗಳನ್ನು ಪೂರ್ತಿ ನಂಬಬೇಡಿ. ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ, ಸಂಘದಲ್ಲಿ ಇದನ್ನು ಮಾಡುವುದು ಹೇಗೆಂದು ತಿಳಿಯದಿದ್ದರೆ ನಿಮ್ಮ ಊರಿಗೆ ಬರುವ ಒಕ್ಕೂಟದ ವಿಸ್ತರಣಾಧಿಕಾರಿಗಳ ಗಮನಕ್ಕೆ ತನ್ನಿ.

ಕೇಳಲು ಸಂಕೋಚ ಬೇಡ. ಇದರಲ್ಲಿ ಕಾರ್ಯದರ್ಶಿಯವರ ಮೇಲೆ ಅನುಮಾನ ಏನೂ ಇಲ್ಲ. ಚಳಿ, ಮಳೆ ಎನ್ನದೆ ನಸುಕಿನಲ್ಲಿ ಎದ್ದು, ಸಗಣಿ ಬಾಚಿ, ಮೇವು ಹಾಕಿ, ಹಿಂಡಿ ತಂದ ಹಾಲಿನ ಲೆಕ್ಕ ಅದು. ಇವತ್ತು ಸಂಜೆ ಹಾಲು ಹಾಕಲು ಹೋದಾಗ ಮೊದಲ ಪ್ರಶ್ನೆಯನ್ನಾದರೂ ಕೇಳಿ ಬನ್ನಿ. ರಾತ್ರಿ ಹೆಪ್ಪು ಹಾಕುವಾಗ ನಿಮ್ಮ ಮನಸ್ಸಿಗೂ ಒಂದಿಷ್ಟು ಸಮಾಧಾನ ಇರುತ್ತದೆ.